ನೆಲ ನಡುಗಿದರೂ ನಿಲ್ಲುವ ಅಣೆಕಟ್ಟು

ಮಳೆಗಾಲ ಬಂತೆಂದರೆ ಕೃಷ್ಣಾ ನದಿಯ ದಂಡೆಯ ಊರುಗಳಲ್ಲಿ ಒಂದು ಮಾತು ಹಬ್ಬುತ್ತದೆ.

“ಕೊಯ್ನಾದಿಂದ ನೀರು ಬಿಟ್ಟಾರಂತ.”

ಅಥಣಿ, ಚಿಕ್ಕೋಡಿ, ಜಮಖಂಡಿ ಕಡೆಯ ಅಕ್ಕತಂಗಿಯರಿಗೆ ಈ ಮಾತು ಹೊಸದಲ್ಲ. ಮಾತು ಕಿವಿಗೆ ಬಿದ್ದ ಕೂಡಲೇ ದನಕರು ಬಿಚ್ಚಬೇಕು. ಕಾಳಿನ ಚೀಲ ಅಟ್ಟಕ್ಕೆ ಏರಿಸಬೇಕು. ಮಕ್ಕಳನ್ನು ಹೊಳೆ ಕಡೆ ಬಿಡಬಾರದು. ಇಷ್ಟು ನಮಗೆ ಗೊತ್ತು. ಆದರೆ ಈ ಕೊಯ್ನಾ ಎಲ್ಲಿದೆ? ಅಷ್ಟು ನೀರನ್ನು ಹಿಡಿದು ನಿಂತ ಗೋಡೆ ಎಂಥದು? ನೆಲ ನಡುಗಿದರೆ ಆ ಗೋಡೆಯ ಗತಿ ಏನು? ಈ ಪಾಠದಲ್ಲಿ ಅದನ್ನು ತಿಳಿಯೋಣ.

ಕೊಯ್ನಾ ಒಂದು ನದಿ. ಮಹಾರಾಷ್ಟ್ರದ ಮಹಾಬಳೇಶ್ವರದ ಬೆಟ್ಟದಲ್ಲಿ ಹುಟ್ಟುತ್ತದೆ. ಕರಾಡ ಎಂಬ ಊರಿನಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಕೂಡಿದ ನೀರು ನಮ್ಮ ಕಡೆಗೆ ಬರುತ್ತದೆ. ಕರಾಡಕ್ಕಿಂತ ಮೇಲೆ, ಸಾತಾರಾ ಜಿಲ್ಲೆಯ ಘಟ್ಟದಲ್ಲಿ ಈ ನದಿಗೆ ಅಣೆಕಟ್ಟು ಕಟ್ಟಿದ್ದಾರೆ. ಅದರ ಎತ್ತರ 103 ಮೀಟರ್. ಬಾವಿಯ ಆಳವನ್ನು ನಾವು ಆಳಿನ ಲೆಕ್ಕದಲ್ಲಿ ಹೇಳುತ್ತೇವಲ್ಲ, ಆ ಲೆಕ್ಕದಲ್ಲಿ ಸುಮಾರು ಅರವತ್ತು ಆಳು. ಅದರ ಹಿಂದೆ ನೂರು ಟಿಎಂಸಿಗೂ ಹೆಚ್ಚು ನೀರು ನಿಲ್ಲುತ್ತದೆ.

1967ನೇ ಇಸವಿ, ಡಿಸೆಂಬರ್ 11. ಸೋಮವಾರ. ಬೆಳಗಿನ ಜಾವ ನಾಲ್ಕು ದಾಟಿತ್ತು. ಜನ ಕಂಬಳಿ ಹೊದ್ದು ಮಲಗಿದ್ದರು. ಆಗ ನೆಲ ನಡುಗಿತು. ಅಣೆಕಟ್ಟಿನ ಹತ್ತಿರದ ಕೊಯ್ನಾನಗರದಲ್ಲಿ ಮನೆಗಳು ಉರುಳಿದವು. ಸುಮಾರು 180 ಜನ ಸತ್ತರು. ಸಾವಿರಕ್ಕೂ ಹೆಚ್ಚು ಜನಕ್ಕೆ ಪೆಟ್ಟಾಯಿತು. ಪುಣೆ, ಮುಂಬೈ ತನಕ ನೆಲ ಅಲುಗಿತು. ಭೂಕಂಪದ ಬಲವನ್ನು ಅಳೆಯುವ ರಿಕ್ಟರ್ ಮಾಪನದಲ್ಲಿ ಅದು ಸುಮಾರು 6.3 ಇತ್ತು.

ಅಣೆಕಟ್ಟಿನ ಹಿಂದೆ ಆ ದಿನ ಸುಮಾರು 91 ಮೀಟರ್ ಎತ್ತರ ನೀರು ನಿಂತಿತ್ತು. ಗೋಡೆ ಒಡೆಯಲಿಲ್ಲ. ಆದರೆ ಬಿರುಕು ಬಿಟ್ಟಿತು. ಒಡೆದಿದ್ದರೆ ಕರಾಡ, ಸಾಂಗಲಿ ದಾಟಿ ಆ ನೀರು ನಮ್ಮ ಕಡೆಗೇ ಬರುತ್ತಿತ್ತು. ಹಾಗಾಗಿ ಇದು ಪರರಾಜ್ಯದ ಸುದ್ದಿ ಅಂತ ನಾವು ಬಿಡುವ ಹಾಗಿಲ್ಲ.

ತೂಕದಿಂದ ನಿಲ್ಲುವ ಗೋಡೆ

ಮೊದಲು ನೀರಿನ ನೂಕು ಎಷ್ಟು ಅಂತ ನೋಡೋಣ. ಒಂದು ಹಳೆಯ ಡಬ್ಬಿ ತೆಗೆದುಕೊಳ್ಳಿ. ಮೇಲೊಂದು, ನಡುವೆ ಒಂದು, ತಳದ ಹತ್ತಿರ ಒಂದು ತೂತು ಮಾಡಿ. ನೀರು ತುಂಬಿ. ಮೇಲಿನ ತೂತಿನಿಂದ ನೀರು ಸುಮ್ಮನೆ ಸೋರುತ್ತದೆ. ತಳದ ತೂತಿನಿಂದ ಜೋರಾಗಿ ಚಿಮ್ಮುತ್ತದೆ. ಆಳ ಹೆಚ್ಚಿದಷ್ಟೂ ನೀರಿನ ಒತ್ತು ಹೆಚ್ಚು. ಕೆರೆ ಎಷ್ಟು ಉದ್ದ ಇದೆ, ಎಷ್ಟು ಅಗಲ ಇದೆ ಎನ್ನುವುದಕ್ಕೂ ಈ ಒತ್ತಿಗೂ ಸಂಬಂಧ ಇಲ್ಲ. ಆಳವೊಂದೇ ಲೆಕ್ಕ.

90 ಮೀಟರ್ ಆಳದಲ್ಲಿ, ಉದ್ದ ಒಂದು ಮೀಟರ್, ಅಗಲ ಒಂದು ಮೀಟರ್ ಇರುವ ಜಾಗದ ಮೇಲೆ ನೀರು 90 ಟನ್ ಬಲದಿಂದ ಒತ್ತುತ್ತದೆ. ಹತ್ತು ಟನ್ ಹೊತ್ತ ಒಂಬತ್ತು ಲಾರಿಗಳ ಹೊರೆ ಅದು. ಅಷ್ಟೂ ಹೊರೆ ಇಬ್ಬರು ಹೆಂಗಸರು ಒತ್ತಾಗಿ ಕೂರುವಷ್ಟು ಜಾಗದ ಮೇಲೆ! ಅಣೆಕಟ್ಟಿನ ಎತ್ತರ ಎರಡು ಪಟ್ಟು ಮಾಡಿದರೆ ನೀರಿನ ಒಟ್ಟು ನೂಕು ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ.

ಇಷ್ಟು ನೂಕನ್ನು ತಡೆಯುವುದು ಯಾವುದು? ತೂಕ. ಗಾಳಿಗೆ ಬಾಗಿಲು ಬಡಿಯದಿರಲಿ ಅಂತ ನಾವು ಜೋಳದ ಚೀಲವನ್ನು ಅಡ್ಡ ಇಡುವುದಿಲ್ಲವೇ? ಚೀಲಕ್ಕೆ ಮೊಳೆ ಹೊಡೆದಿಲ್ಲ, ಹಗ್ಗ ಕಟ್ಟಿಲ್ಲ. ತನ್ನ ಭಾರಕ್ಕೇ ಅದು ಕದಲದೆ ಕೂತಿರುತ್ತದೆ. ಕೊಯ್ನಾ ಅಣೆಕಟ್ಟು ನಿಂತಿರುವುದೂ ಹಾಗೆಯೇ. ಇಂಥದಕ್ಕೆ ಗುರುತ್ವ ಅಣೆಕಟ್ಟು ಎನ್ನುತ್ತಾರೆ. ಭಾರದ ಅಣೆಕಟ್ಟು ಅಂದರೂ ನಡೆದೀತು. ನಮ್ಮ ಕನ್ನಂಬಾಡಿ ಅಣೆಕಟ್ಟೂ ಭಾರದ ಅಣೆಕಟ್ಟೇ, ಆದರೆ ಅದು ಕಲ್ಲಿನದು. ಉತ್ತರ ಕನ್ನಡದಲ್ಲಿ ಕಾಳಿ ನದಿಗೆ ಕಟ್ಟಿದ ಸೂಪಾ ಅಣೆಕಟ್ಟು ಕಾಂಕ್ರೀಟಿನದು. ಕೊಯ್ನಾದ ಗೋಡೆಯಲ್ಲಿ ದೊಡ್ಡ ದೊಡ್ಡ ಕಲ್ಲು ಹುದುಗಿಸಿದ ಕಾಂಕ್ರೀಟ್ ಇದೆ.

ಬರೀ ತೂಕ ಇದ್ದರೆ ಸಾಲದು, ಆಕಾರವೂ ಬೇಕು. ಹೊರಗಿನಿಂದ ಯಾರೋ ಬಾಗಿಲು ನೂಕುತ್ತಿದ್ದರೆ ನೀವು ಒಳಗೆ ಹೇಗೆ ನಿಲ್ಲುತ್ತೀರಿ? ಎರಡೂ ಕಾಲು ಜೋಡಿಸಿ ನಿಲ್ಲುತ್ತೀರಾ? ಇಲ್ಲ. ಒಂದು ಕಾಲು ಹಿಂದಕ್ಕೆ ಚಾಚಿ ಊರುತ್ತೀರಿ. ಅಣೆಕಟ್ಟೂ ಅಷ್ಟೇ. ನೀರಿನ ಕಡೆ ಮುಖ ಹೆಚ್ಚುಕಡಿಮೆ ನೆಟ್ಟಗಿರುತ್ತದೆ. ಊರಿನ ಕಡೆ ಇಳಿಜಾರಾಗಿ ಕಾಲು ಚಾಚಿರುತ್ತದೆ. ಕೊಯ್ನಾ ಗೋಡೆ ನೆತ್ತಿಯಲ್ಲಿ ಸುಮಾರು 15 ಮೀಟರ್ ದಪ್ಪ. ಬುಡದಲ್ಲಿ ಸುಮಾರು 70 ಮೀಟರ್.

ಇಲ್ಲಿ ಒಂದು ಗುಟ್ಟಿದೆ. ಬಾವಿಯಿಂದ ನೀರು ಸೇದುವಾಗ ಕೊಡ ನೀರೊಳಗೆ ಇರುವ ತನಕ ಹಗುರ. ನೀರು ಬಿಟ್ಟು ಮೇಲೆ ಬಂತೋ, ಹಗ್ಗ ಕೈ ಕೊಯ್ಯುತ್ತದೆ. ನೀರು ಎಲ್ಲವನ್ನೂ ಕೆಳಗಿನಿಂದ ಎತ್ತುತ್ತದೆ. ಅಣೆಕಟ್ಟಿನ ಬುಡದ ಬಂಡೆಯಲ್ಲಿ ಕೂದಲೆಳೆಯಂಥ ಸೀಳು ಇದ್ದೇ ಇರುತ್ತವೆ. ಅಲ್ಲಿ ನೀರು ನುಸುಳಿ ಗೋಡೆಯನ್ನು ಮೇಲಕ್ಕೆತ್ತಲು ನೋಡುತ್ತದೆ. ತೂಕವೇ ಬಲವಾದ ಗೋಡೆಗೆ ತೂಕವೇ ಕಡಿಮೆಯಾದಂತೆ ಆಗುತ್ತದೆ. ಅದಕ್ಕೆ ಕಟ್ಟುವಾಗಲೇ ಬಂಡೆಯಲ್ಲಿ ತೂತು ಕೊರೆದು, ಗಂಜಿಯಂತೆ ಕಲಸಿದ ಸಿಮೆಂಟನ್ನು ಒತ್ತಿ ತುಂಬುತ್ತಾರೆ. ಅದನ್ನೂ ಮೀರಿ ನುಸುಳಿದ ನೀರು ಹರಿದುಹೋಗಲು ಗೋಡೆಯ ಹೊಟ್ಟೆಯೊಳಗೆ ಸುರಂಗದಂಥ ದಾರಿ ಬಿಟ್ಟಿರುತ್ತಾರೆ. ಅದಕ್ಕೆ ಗ್ಯಾಲರಿ ಎಂದು ಹೆಸರು. ಆಳುಗಳು ದೀಪ ಹಿಡಿದು ಅದರಲ್ಲಿ ಓಡಾಡಬಹುದು.

ನೆಲ ನಡುಗಿದಾಗ

ಬಸ್ಸಿನಲ್ಲಿ ನಿಂತಿರುತ್ತೀರಿ. ಡ್ರೈವರ್ ಒಮ್ಮೆಲೇ ಬಸ್ಸು ಬಿಡುತ್ತಾನೆ. ಕಾಲು ಬಸ್ಸಿನ ಜೊತೆ ಮುಂದೆ ಹೋಗುತ್ತದೆ. ಮೈ ಹಿಂದಕ್ಕೆ ವಾಲುತ್ತದೆ. ಯಾರೂ ನಿಮ್ಮನ್ನು ತಳ್ಳಿಲ್ಲ. ಆದರೂ ತಳ್ಳಿದ ಹಾಗೆ ಆಗುತ್ತದೆ. ನಿಂತದ್ದು ನಿಂತೇ ಇರಲು ನೋಡುವುದು ವಸ್ತುವಿನ ಗುಣ. ಭಾರ ಹೆಚ್ಚಿದ್ದಷ್ಟೂ ಈ ತಳ್ಳು ಹೆಚ್ಚು.

ಭೂಕಂಪದಲ್ಲಿ ಅಣೆಕಟ್ಟಿಗೆ ಆಗುವುದೂ ಇದೇ. ಬುಡದ ನೆಲ ಹಿಂದೆ ಮುಂದೆ, ಮೇಲೆ ಕೆಳಗೆ ಸರಿದಾಡುತ್ತದೆ. ನೆಲ ನೀರಿನ ಕಡೆಗೆ ಸರಿದಾಗ ಗೋಡೆಯ ಮೈ ಊರಿನ ಕಡೆಗೆ ವಾಲಲು ನೋಡುತ್ತದೆ. ನೀರಂತೂ ಮೊದಲೇ ಆ ಕಡೆಗೆ ನೂಕುತ್ತಿದೆ. ನೀರಿನ ನೂಕನ್ನು ತಡೆಯಲಿ ಅಂತ ಹೇರಿದ ತೂಕ ಈಗ ತಾನೇ ಒಂದು ನೂಕಾಗಿ ಬಿಡುತ್ತದೆ. ನೀರಿನ ಮುಂದೆ ತೂಕ ನಮ್ಮ ಗೆಳತಿ. ನೆಲ ನಡುಗಿದಾಗ ಅದೇ ತೂಕ ಎದುರಾಳಿ. ಭಾರದ ಅಣೆಕಟ್ಟು ಕಟ್ಟುವವರ ತಲೆನೋವೆಲ್ಲ ಇಲ್ಲೇ ಇದೆ.

ಹಿಂದಿನ ನೀರೂ ಸುಮ್ಮನೆ ಇರುವುದಿಲ್ಲ. ತುಂಬಿದ ಹಂಡೆಯಲ್ಲಿ ಒಂದು ತಾಟನ್ನು ಅಡ್ಡ ಹಿಡಿದು ನಿಧಾನ ಆಡಿಸಿ. ಸಲೀಸು. ಜೋರಾಗಿ ಆಡಿಸಿ ನೋಡಿ. ಕೈಗೆ ಎಷ್ಟು ಭಾರ! ಹಾಗೆಯೇ ಗೋಡೆ ಬಿರುಸಾಗಿ ಅಲುಗಿದಾಗ ಅದಕ್ಕೆ ತಾಗಿದ ನೀರಿನ ಒಂದು ಪಾಲು ಗೋಡೆಗೆ ಅಂಟಿಕೊಂಡಂತೆ ಅಲುಗಿ, ಹೆಚ್ಚಿನ ಒತ್ತು ಕೊಡುತ್ತದೆ. ಅಮೆರಿಕದಲ್ಲಿ ವೆಸ್ಟರ್‌ಗಾರ್ಡ್ ಎಂಬ ಎಂಜಿನಿಯರ್ 1933ರಲ್ಲೇ ಇದಕ್ಕೊಂದು ಲೆಕ್ಕ ಕೊಟ್ಟರು. ಅಣೆಕಟ್ಟು ಕಟ್ಟುವವರು ಆ ಲೆಕ್ಕವನ್ನು ಬಹಳ ಕಾಲ ಬಳಸಿದರು.

ಇನ್ನೊಂದು ಮಾತು. ತಲೆಯ ಮೇಲೆ ಕೊಡದ ಮೇಲೆ ಕೊಡ ಇಟ್ಟು ನಡೆಯುವವರಿಗೆ ಗೊತ್ತು. ಕಾಲು ಸ್ವಲ್ಪ ಎಡವಿದರೆ ಕೆಳಗಿನ ಕೊಡ ಸ್ವಲ್ಪ ಅಲುಗುತ್ತದೆ. ಮೇಲಿನದು ಬಹಳ ಅಲುಗುತ್ತದೆ. ಅಣೆಕಟ್ಟಿನಲ್ಲೂ ಬುಡಕ್ಕಿಂತ ನೆತ್ತಿಯ ಕುಲುಕಾಟ ಹೆಚ್ಚು.

ಬಿರುಕು ಅಲ್ಲೇ ಏಕೆ ಬಿತ್ತು?

ಕೊಯ್ನಾದಲ್ಲಿ ಬಿರುಕು ಬುಡದಲ್ಲಿ ಬೀಳಲಿಲ್ಲ. ನೆತ್ತಿಯಿಂದ ಸುಮಾರು 36 ಮೀಟರ್ ಕೆಳಗೆ ಅಡ್ಡಡ್ಡ ಬಿತ್ತು. ನೀರಿನ ಕಡೆಯೂ ಬಿತ್ತು, ಊರಿನ ಕಡೆಯೂ ಬಿತ್ತು. ನಮ್ಮ ಕಲಿಕಾ ಕೇಂದ್ರದಲ್ಲಿ ಈ ವಿಷಯ ಹೇಳಿದಾಗ ಒಬ್ಬ ಅಕ್ಕ ಕೇಳಿದರು: “ಒತ್ತು ಜಾಸ್ತಿ ಇರೋದು ಬುಡದಾಗ ಅಂತೀರಿ. ಬಿರುಕು ಮ್ಯಾಲ್ಯಾಕ ಬಿತ್ತು?” ಎಂಜಿನಿಯರುಗಳೂ ಇದೇ ಪ್ರಶ್ನೆ ಹಾಕಿಕೊಂಡಿದ್ದರು!

ಉತ್ತರಕ್ಕೆ ಎರಡು ಸಂಗತಿ ತಿಳಿಯಬೇಕು. ಒಂದು, ಕಾಂಕ್ರೀಟಿನ ಗುಣ. ಖಡಕ್ ರೊಟ್ಟಿಯ ಅಡಕಲು ಇರುತ್ತದಲ್ಲ, ಅದರ ಮೇಲೆ ಭಾರದ ತಾಟು ಇಟ್ಟರೂ ರೊಟ್ಟಿ ತಾಳುತ್ತದೆ. ಒಂದು ರೊಟ್ಟಿ ಕೈಗೆ ತೆಗೆದುಕೊಂಡು ಬಗ್ಗಿಸಿ ನೋಡಿ. ಲಟಕ್ ಅಂತ ಮುರಿಯುತ್ತದೆ. ಬಗ್ಗಿಸಿದಾಗ ಒಂದು ಮಗ್ಗುಲು ಎಳೆಯುತ್ತದೆ, ಮುರಿತ ಶುರುವಾಗುವುದು ಆ ಎಳೆದ ಮಗ್ಗುಲಿನಿಂದ. ಕಾಂಕ್ರೀಟ್ ಕೂಡ ಒತ್ತಿದರೆ ಗಟ್ಟಿ, ಎಳೆದರೆ ಸೋಲು. ಒತ್ತನ್ನು ತಾಳುವ ಶಕ್ತಿಯ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಎಳೆತವನ್ನು ತಾಳುತ್ತದೆ. ಮನೆಯ ತಾರಸಿಯಲ್ಲಾದರೆ ಎಳೆತಕ್ಕೆ ಕಬ್ಬಿಣದ ಸರಳು ಹಾಕುತ್ತಾರೆ. ಇಷ್ಟು ದಪ್ಪದ ಅಣೆಕಟ್ಟಿನ ಮೈತುಂಬ ಸರಳು ಹಾಕಲು ಆಗುವುದಿಲ್ಲ. ಗೋಡೆ ಅತ್ತಿತ್ತ ವಾಲಾಡಿದಾಗ ಒಮ್ಮೆ ನೀರಿನ ಮಗ್ಗುಲು ಎಳೆಯಿತು, ಒಮ್ಮೆ ಊರಿನ ಮಗ್ಗುಲು ಎಳೆಯಿತು. ಎರಡೂ ಕಡೆ ಸೀಳಿತು.

ಎರಡನೆಯದು, ಗೋಡೆಯ ಆಕಾರ. ಬಟ್ಟೆ ಅಂಗಡಿಯವನು ಜಂಪರ್ ಬಟ್ಟೆಯನ್ನು ಹೇಗೆ ಹರಿಯುತ್ತಾನೆ? ಅಂಚಿಗೆ ಕತ್ತರಿಯಿಂದ ಒಂದು ಕಚ್ಚು ಹಾಕುತ್ತಾನೆ. ಆಮೇಲೆ ಎರಡೂ ಕೈಯಲ್ಲಿ ಎಳೆದರೆ ಬಟ್ಟೆ ಆ ಕಚ್ಚಿನಿಂದಲೇ ಸರ್ರನೆ ಹರಿಯುತ್ತದೆ. ಎಳೆತವೆಲ್ಲ ಬಂದು ಮೂಲೆಯಲ್ಲಿ ಕೂಡುತ್ತದೆ. ಕೊಯ್ನಾ ಗೋಡೆಯ ಊರಿನ ಕಡೆಯ ಇಳಿಜಾರು ಒಂದು ಎತ್ತರದಲ್ಲಿ ಒಮ್ಮೆಲೇ ಬದಲಾಗುತ್ತದೆ. ಕೆಳಗೆ ಚಾಚಿದ ಇಳಿಜಾರು, ಮೇಲೆ ಹೆಚ್ಚುಕಡಿಮೆ ನೆಟ್ಟನೆ ಗೋಡೆ. ಅಲ್ಲಿ ಒಂದು ಮೂಲೆ ಉಂಟಾಗಿದೆ. ಬಿರುಕು ಬಿದ್ದದ್ದು ಆ ಮೂಲೆಯ ಎತ್ತರದಲ್ಲೇ. ಈ ಅಣೆಕಟ್ಟನ್ನು ಮೊದಲು ಎರಡು ಹಂತದಲ್ಲಿ ಏರಿಸುವ ಯೋಚನೆ ಇತ್ತು. ಕಟ್ಟುತ್ತಿರುವಾಗ ಒಂದೇ ಹಂತದಲ್ಲಿ ಪೂರಾ ಎತ್ತರ ಮಾಡುವುದೆಂದು ಆಯಿತು. ಹೀಗಾಗಿ ಮೇಲ್ಭಾಗ ದಪ್ಪವಾಗಿ, ಭಾರವಾಗಿ ಉಳಿಯಿತು. ಕುಲುಕಾಟ ಹೆಚ್ಚಿರುವ ಕಡೆಗೇ ಭಾರವೂ ಕೂತಿತು.

ಹಾಗಾದರೆ ಕಟ್ಟುವಾಗ ಭೂಕಂಪದ ಯೋಚನೆಯೇ ಮಾಡಿರಲಿಲ್ಲವೇ? ಮಾಡಿದ್ದರು. ಗೋಡೆಯ ತೂಕದ ನೂರಕ್ಕೆ ಐದು ಪಾಲಿನಷ್ಟು ಅಡ್ಡ ನೂಕು ಬರಬಹುದೆಂದು ಎಣಿಸಿದ್ದರು. ಬುಡಕ್ಕೂ ನೆತ್ತಿಗೂ ಒಂದೇ ಎಣಿಕೆ. ಆದರೆ ಆ ರಾತ್ರಿ ಅಣೆಕಟ್ಟಿನಲ್ಲಿ ಇಟ್ಟಿದ್ದ ಯಂತ್ರ ಬರೆದುಕೊಂಡದ್ದೇ ಬೇರೆ. ನದಿ ಹರಿಯುವ ದಿಕ್ಕಿನಲ್ಲಿ ಅದು ನೂರಕ್ಕೆ 49 ಇತ್ತು. ನೂರು ಕಿಲೋ ಕಲ್ಲಿಗೆ ಐದು ಕಿಲೋ ತಳ್ಳು ಬರುತ್ತದೆ ಅಂದುಕೊಂಡಿದ್ದರು, ಬಂದದ್ದು 49 ಕಿಲೋ ತಳ್ಳು. ದಖ್ಖನ್ನಿನ ನೆಲ ಹಳೆಯದು, ಗಟ್ಟಿಯದು, ಇಲ್ಲಿ ದೊಡ್ಡ ಭೂಕಂಪ ಆಗುವುದಿಲ್ಲ ಎಂದು ಆಗ ತಿಳಿದವರೇ ನಂಬಿದ್ದರು. 1970ರಲ್ಲಿ ದೇಶದ ಭೂಕಂಪ ನಕ್ಷೆಯನ್ನೇ ತಿದ್ದಬೇಕಾಯಿತು.

ಅಷ್ಟು ಪೆಟ್ಟು ತಿಂದೂ ಗೋಡೆ ನಿಂತಿತಲ್ಲ, ನಮಗೆ ಅದೇ ದೊಡ್ಡದು ಅನ್ನಿಸುತ್ತದೆ. ಕುಲುಕಾಟ ಕೆಲವೇ ಸೆಕೆಂಡಿನದು. ಒಂದು ಕಡೆ ವಾಲಿ ಬೀಳುವಷ್ಟರಲ್ಲಿ ನೆಲ ಇನ್ನೊಂದು ಕಡೆ ಎಳೆಯುತ್ತದೆ. ಹೀಗಾಗಿ ಬಿರುಕು ಬಾಯಿ ಬಿಡುತ್ತದೆ, ಮತ್ತೆ ಮುಚ್ಚುತ್ತದೆ. ಮೇಲಿನ ತುಂಡು ತನ್ನ ಭಾರಕ್ಕೆ ಅಲ್ಲೇ ಕೂರುತ್ತದೆ.

ರಿಪೇರಿ ಬೇಗ ಶುರುವಾಯಿತು. ಬಿರುಕಿನೊಳಗೆ ಎಪಾಕ್ಸಿ ಎಂಬ ಗಟ್ಟಿ ಅಂಟನ್ನು ತುಂಬಿದರು. ಮೇಲಿನಿಂದ ಕೆಳಕ್ಕೆ ಉಕ್ಕಿನ ಹಗ್ಗ ಇಳಿಸಿ ಬಿಗಿದರು. ಆಮೇಲೆ ಊರಿನ ಕಡೆಯಿಂದ ಕಾಂಕ್ರೀಟಿನ ಆಸರೆ ಕಟ್ಟಿದರು. ಬಿದ್ದೀತು ಎನ್ನುವ ಗೋಡೆಗೆ ನಮ್ಮ ಊರಲ್ಲಿ ಒತ್ತು ಕೊಡುತ್ತಾರಲ್ಲ, ಅದೇ ಉಪಾಯ, ದೊಡ್ಡ ಅಳತೆಯಲ್ಲಿ. ಗೋಡೆಯ ನಡುವೆ ನೀರು ಧುಮುಕುವ ಭಾಗವನ್ನು ಬಲಪಡಿಸಿದ್ದು ಬಹಳ ತಡವಾಗಿ, 2000ನೇ ಇಸವಿ ದಾಟಿದ ಮೇಲೆ.

ಈಗ ಹೇಗೆ ಲೆಕ್ಕ ಹಾಕುತ್ತಾರೆ?

ಕೊಯ್ನಾ ಇಡೀ ಜಗತ್ತಿಗೆ ಪಾಠವಾಯಿತು. ಅನಿಲ್ ಚೋಪ್ರಾ ಎಂಬ ಎಂಜಿನಿಯರ್ ಅಮೆರಿಕದಲ್ಲಿ ಕಂಪ್ಯೂಟರಿಗೆ ಈ ಗೋಡೆಯ ಅಳತೆ ಕೊಟ್ಟು, ಆ ರಾತ್ರಿಯ ಕುಲುಕಾಟವನ್ನೂ ಕೊಟ್ಟು ಲೆಕ್ಕ ಮಾಡಿಸಿದರು. ಇಳಿಜಾರು ಬದಲಾಗುವ ಎತ್ತರದಲ್ಲೇ ಕಾಂಕ್ರೀಟ್ ತಾಳಲಾರದಷ್ಟು ಎಳೆತ ಬಂದಿತ್ತೆಂದು ಕಂಡಿತು. ಬುಡಕ್ಕೂ ನೆತ್ತಿಗೂ ಒಂದೇ ಎಣಿಕೆ ಹಾಕುವುದು ತಪ್ಪು ಎಂದು ಎಲ್ಲರಿಗೂ ಮನವರಿಕೆ ಆಯಿತು.

ಈಗ ದೊಡ್ಡ ಅಣೆಕಟ್ಟು ಕಟ್ಟುವಾಗ ಮೊದಲು ನೆಲವನ್ನು ಓದುತ್ತಾರೆ. ಸುತ್ತ ಎಲ್ಲಿ ಬಂಡೆ ಸೀಳಿದೆ, ಯಾವ ಸೀಳು ಇನ್ನೂ ಸರಿಯುತ್ತಿದೆ ಎಂದು ನೋಡುತ್ತಾರೆ. ಗೋಡೆಯ ಅಡಿಯಲ್ಲೇ ಅಂಥ ಸೀಳು ಇದ್ದರೆ ಯಾವ ಕಾಂಕ್ರೀಟೂ ಕಾಯಲಾರದು. ತೈವಾನ್ ದೇಶದಲ್ಲಿ 1999ರಲ್ಲಿ ಹಾಗೇ ಆಯಿತು. ಶಿಕಾಂಗ್ ಎಂಬ ಅಣೆಕಟ್ಟಿನ ಒಂದು ತುದಿಯ ಅಡಿಯಲ್ಲಿ ನೆಲ ಸೀಳಿ, ಒಂದು ಭಾಗ ಏಳೆಂಟು ಮೀಟರ್ ಮೇಲಕ್ಕೆದ್ದಿತು. ಆ ತುದಿ ಮುರಿದುಹೋಯಿತು.

ನೆಲ ಒಪ್ಪಿಗೆಯಾದ ಮೇಲೆ ಆಕಾರ. ನೆತ್ತಿಯಲ್ಲಿ ಬೇಡದ ಭಾರ ಹೇರುವುದಿಲ್ಲ. ಇಳಿಜಾರು ಬದಲಾಗುವ ಕಡೆ ಮೂಲೆ ಬಿಡದೆ ನಯವಾಗಿ ತಿರುಗಿಸುತ್ತಾರೆ. ಕಾಂಕ್ರೀಟನ್ನು ಪದರ ಪದರವಾಗಿ ಹಾಕುವಾಗ ಹಳೆಯ ಪದರವನ್ನು ಉಜ್ಜಿ ತೊಳೆದು, ಆಮೇಲೆ ಹೊಸದು ಹಾಕುತ್ತಾರೆ. ಗೋಡೆಗೆ ಸಗಣಿ ಸಾರಿಸುವವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಧೂಳಿನ ಮೇಲೆ ಸಾರಿಸಿದರೆ ಹಕ್ಕಳೆ ಏಳುತ್ತದೆ.

ಲೆಕ್ಕವನ್ನು ಎರಡು ಸಲ ಮಾಡುತ್ತಾರೆ. ಅಣೆಕಟ್ಟಿನ ಆಯುಷ್ಯದಲ್ಲಿ ಬರಬಹುದಾದ ಸಾಧಾರಣ ಭೂಕಂಪಕ್ಕೆ ಒಂದು ಲೆಕ್ಕ. ಆಗ ಗೋಡೆಗೆ ಏನೂ ಆಗಬಾರದು. ಆ ಜಾಗದಲ್ಲಿ ಬರಬಹುದಾದ ಅತಿ ದೊಡ್ಡ ಭೂಕಂಪಕ್ಕೆ ಇನ್ನೊಂದು ಲೆಕ್ಕ. ಆಗ ಬಿರುಕು ಬಿಟ್ಟರೂ ಬಿಡಲಿ, ನೀರು ಮಾತ್ರ ಬಿಡಬಾರದು.

ಗೋಡೆಯ ಜೊತೆಗೆ ಗೇಟು, ಸರಪಳಿ, ಮೋಟಾರು, ಕರೆಂಟು ಎಲ್ಲವನ್ನೂ ನೋಡಬೇಕು. ಭೂಕಂಪ ಆದ ಮೇಲೆ ನೀರನ್ನು ಮೆಲ್ಲಗೆ ಇಳಿಸಬೇಕಾದರೆ ಗೇಟು ಏಳಬೇಕು ತಾನೇ? 2024ರ ಆಗಸ್ಟಿನಲ್ಲಿ ನಮ್ಮ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಸರಪಳಿ ಕಡಿದು ಗೇಟೇ ಕೊಚ್ಚಿಹೋಯಿತು. ಅಲ್ಲಿ ಭೂಕಂಪ ಆಗಿರಲಿಲ್ಲ, ಗೋಡೆಗೂ ಏನೂ ಆಗಿರಲಿಲ್ಲ. ಒಂದು ಸರಪಳಿಯಿಂದ ರೈತರ ನೀರು ಹೊಳೆ ಪಾಲಾಯಿತು.

ನೆಲ ಏಕೆ ನಡುಗಿತು?

ಕೊಯ್ನಾದಲ್ಲಿ ನೀರು ತುಂಬಲು ತೊಡಗಿದ ಮೇಲೆ ಸಣ್ಣ ಸಣ್ಣ ನಡುಕ ಶುರುವಾಗಿತ್ತು. 1967ರ ಸೆಪ್ಟೆಂಬರಿನಲ್ಲಿ ಒಂದು ಸಲ ಜೋರಾಗಿಯೇ ನಡುಗಿತು. ಮೂರು ತಿಂಗಳಿಗೆ ದೊಡ್ಡದು ಬಂತು. ವಿಜ್ಞಾನಿಗಳು ಹೇಳುವುದು ಹೀಗೆ: ಭೂಕಂಪವನ್ನು ನೀರು ಹುಟ್ಟಿಸುವುದಿಲ್ಲ. ನೆಲದಾಳದಲ್ಲಿ ಎರಡು ಬಂಡೆ ಒಂದಕ್ಕೊಂದು ಒತ್ತಿ, ಜಾರಲು ತಯಾರಾಗಿ ನಿಂತಿರುತ್ತವೆ. ಆಳಕ್ಕೆ ಇಳಿದ ನೀರಿನ ಒತ್ತು ಅವುಗಳ ಹಿಡಿತವನ್ನು ಸಡಿಲಿಸುತ್ತದೆ. ಬಚ್ಚಲ ಕಲ್ಲು ಒಣಗಿದ್ದಾಗ ಕಾಲು ಜಾರುವುದಿಲ್ಲ, ಒದ್ದೆಯಾದರೆ ಜಾರುತ್ತದೆ. ಎಲ್ಲ ಅಣೆಕಟ್ಟಿನ ಹತ್ತಿರವೂ ಹೀಗೆ ಆಗುವುದಿಲ್ಲ. ಕೊಯ್ನಾದ ಸುತ್ತ ಇಷ್ಟು ವರ್ಷವಾದರೂ ಸಣ್ಣ ನಡುಕ ನಿಂತಿಲ್ಲ. ಇದನ್ನು ತಿಳಿಯಲೆಂದೇ ಕರಾಡದಲ್ಲಿ ಕೇಂದ್ರ ಸರಕಾರದ ಒಂದು ಪ್ರಯೋಗಾಲಯ ಇದೆ. ಅಲ್ಲಿಯವರು 2017ರಲ್ಲಿ ಮೂರು ಕಿಲೋಮೀಟರ್ ಆಳದ ಕೊಳವೆ ಬಾವಿ ಕೊರೆದರು. ನೀರಿಗಾಗಿ ಅಲ್ಲ, ಬಂಡೆಯ ಸುದ್ದಿಗಾಗಿ!

ಇನ್ನೊಂದು ಸಂಗತಿಯನ್ನು ನಾವು ಮರೆಯಬಾರದು. ಆ ರಾತ್ರಿ ಸತ್ತವರನ್ನು ಕೊಂದದ್ದು ಅಣೆಕಟ್ಟಲ್ಲ, ಅವರವರ ಮನೆಯ ಗೋಡೆ. 1993ರ ಸೆಪ್ಟೆಂಬರ್ 30ರಂದು ಕಿಲ್ಲಾರಿಯಲ್ಲೂ ಹಾಗೇ ಆಯಿತು. ನಮ್ಮ ಬೀದರ, ಕಲಬುರ್ಗಿ ಕಡೆಯ ಹಿರಿಯರಿಗೆ ಆ ಬೆಳಗಿನ ಜಾವ ನೆನಪಿದೆ. ಅಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಮೊಳದುದ್ದ ಮಣ್ಣಿನ ಮಾಳಿಗೆ. ಬಿಸಿಲಿಗೆ ತಂಪು, ನಿಜ. ಆದರೆ ನೆತ್ತಿಯ ಮೇಲೆ ಭಾರ, ಹಿಡಿತ ಇಲ್ಲ. ಮನೆ ಕಟ್ಟಿಸುವವರು ಮೇಸ್ತ್ರಿಗೆ ಎರಡು ಮಾತು ಹೇಳಿ. ಗೋಡೆಯ ಆಚೆ ಮುಖದಿಂದ ಈಚೆ ಮುಖದ ತನಕ ಹಾಯುವ ಉದ್ದ ಕಲ್ಲುಗಳನ್ನು ಅಲ್ಲಲ್ಲಿ ಇಡಿಸಿ. ಬಾಗಿಲಿನ ಮೇಲೆ ಮನೆಯ ಸುತ್ತಲೂ ಸರಳು ಹಾಕಿದ ಕಾಂಕ್ರೀಟ್ ಪಟ್ಟಿ ಹಾಕಿಸಿ. ಸೀರೆಗೆ ನಡುಕಟ್ಟು ಇದ್ದ ಹಾಗೆ ಅದು ನಾಲ್ಕೂ ಗೋಡೆಯನ್ನು ಕೂಡಿಸಿ ಹಿಡಿಯುತ್ತದೆ.

ಅಣೆಕಟ್ಟಿಗೂ ಈಗ ಒಂದು ಕಾನೂನು ಬಂದಿದೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಎಂದು ಅದರ ಹೆಸರು. 30 ಮೀಟರ್ ಮತ್ತು ಅದಕ್ಕಿಂತ ಎತ್ತರದ ಅಣೆಕಟ್ಟುಗಳ ಹತ್ತಿರ ಭೂಕಂಪ ಅಳೆಯುವ ಯಂತ್ರ ಇಡಬೇಕು. ದೊಡ್ಡ ಅಣೆಕಟ್ಟುಗಳಿಗೆ ಆಪತ್ತಿನ ಯೋಜನೆ ತಯಾರಿರಬೇಕು. ನೀರು ನುಗ್ಗಿದರೆ ಯಾವ ಯಾವ ಊರು ಮುಳುಗುತ್ತದೆ, ಜನರಿಗೆ ಯಾರು ಸುದ್ದಿ ಮುಟ್ಟಿಸಬೇಕು ಎನ್ನುವುದು ಆ ಯೋಜನೆಯಲ್ಲಿ ಇರಬೇಕು. ನಿಮ್ಮ ಊರು ಹೊಳೆ ದಂಡೆಯಲ್ಲಿದ್ದರೆ ಗ್ರಾಮ ಸಭೆಯಲ್ಲಿ ಎದ್ದು ಕೇಳಿ: “ನಮ್ಮ ಊರಿನ ಹೆಸರು ಅದರಾಗ ಐತೇನ್ರಿ? ನಾವು ಯಾವ ದಿಬ್ಬಕ್ಕ ಹೋಗಬೇಕು? ರಾತ್ರಿ ಹೊತ್ತಿನ್ಯಾಗ ನಮ್ಮನ್ನ ಎಬ್ಬಿಸೋರು ಯಾರು?” ಈಗ ನಿಮಗೆ ಓದು ಬರಹ ಬರುತ್ತದೆ. ಅರ್ಜಿ ಬರೆದೂ ಕೇಳಬಹುದು.

ಅಣೆಕಟ್ಟಿನ ಹೊಟ್ಟೆಯೊಳಗಿನ ಗ್ಯಾಲರಿಯ ಮಾತು ಹೇಳಿದೆವಲ್ಲ, ಅಲ್ಲಿ ಒಂದು ಸಣ್ಣ ಕಾಲುವೆ ಇರುತ್ತದೆ. ಗೋಡೆಯಿಂದ, ಬಂಡೆಯಿಂದ ಜಿನುಗಿದ ನೀರೆಲ್ಲ ಅದರಲ್ಲಿ ಹರಿಯುತ್ತದೆ. ಸಿಬ್ಬಂದಿ ಆ ನೀರನ್ನು ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ. ನೆಲ ನಡುಗಿದ ದಿನ ಮೊದಲು ಹೋಗಿ ನೋಡುವುದು ಅಲ್ಲಿಗೇ. ನಿನ್ನೆಗಿಂತ ಇವತ್ತು ನೀರು ಹೆಚ್ಚಿದೆಯೇ? ತಿಳಿಯಾಗಿದೆಯೇ, ರಾಡಿಯಾಗಿದೆಯೇ? ನೀರು ಒಮ್ಮೆಲೇ ಹೆಚ್ಚಿದರೆ, ಮಣ್ಣು ಹೊತ್ತು ಬಂದರೆ, ಒಳಗೆ ಎಲ್ಲೋ ಬಾಯಿ ಬಿಟ್ಟಿದೆ ಎಂದು ತಿಳಿದು ಕೂಡಲೇ ಮೇಲಿನವರಿಗೆ ಸುದ್ದಿ ಕಳಿಸುತ್ತಾರೆ.